ಹಿರಿಯರಿರುವ ಮನೆಯವರು ತಪ್ಪದೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಸಪ್ತಾಪುರದ ಓಣಿಯಲ್ಲಿ 65 ದಾಟಿದ ಅಜ್ಜ-ಅಜ್ಜಿ ಇರುವ ಮನೆಗಳಿಗೆ ಬಂದು, ಅವರು ಜಾರಿ ಬೀಳುವಂತಿದೆಯಾ ಅಂತ ಬಚ್ಚಲು, ಮೆಟ್ಟಿಲು, ಲೈಟು ನೋಡಿ ಹೋಗುತ್ತೇವೆ. ಈ ವಯಸ್ಸಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಅಷ್ಟರೊಳಗೆ ಬಚ್ಚಲ ಕಲ್ಲಿನ ಪಾಚಿ ತಿಕ್ಕಿ ತೆಗೆಯಿರಿ, ಹೊಸ್ತಿಲ ಹತ್ತಿರ ಜಾರುವ ಕಾಲೊರಸು ಎತ್ತಿಡಿ. ಮಾತ್ರೆ ಚೀಟಿಯೂ ಕೈಗೆ ಸಿಗುವಂತಿರಲಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆ ತಗೊಳ್ಳುವವರು ರಾತ್ರಿ ಬಚ್ಚಲಿಗೆ ಅಂತ ಥಟ್ಟನೆ ಎದ್ದರೆ ತಲೆ ತಿರುಗಿ ಬೀಳಬಹುದು, ಹಾಸಿಗೆ ಮೇಲೆ ಸ್ವಲ್ಪ ಹೊತ್ತು ಕೂತು ಏಳಲಿ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಒಮ್ಮೆ ಬಿದ್ದವರು ಮತ್ತೆ ಬೀಳುವುದು ಜಾಸ್ತಿ. ಮಕ್ಕಳು ಬೈತಾರೆ ಅಂತ ಮುಚ್ಚಿಡುತ್ತಾರೆ ಅಲ್ವಾ, ಮೆಲ್ಲಗೆ ಕೇಳಿ.

ಗೋಡೆಗೆ ಹಿಡಿಕೆ ಬೇಕಾದವರು ಶುಕ್ರವಾರದೊಳಗೆ ಮನೆ ನಂಬರ್ ಇಲ್ಲೇ ಹಾಕಿ.