ರೋಬೋಟ್ ಬರಲಿ, ಕನ್ನಡ ಕಲಿತು ಬರಲಿ

ಮಾನ್ಯ ಸಂಪಾದಕರೇ,

ಡಿಮೆನ್ಶಿಯಾ (ನೆನಪು, ಯೋಚನೆ ಕುಗ್ಗಿಸುವ ಕಾಯಿಲೆ) ಇರುವ ಹಿರಿಯರ ಜೊತೆ ಮಾತಾಡುವ, ಆಟ ಆಡಿಸುವ ರೋಬೋಟ್‌ಗಳ ಸುದ್ದಿ ಈಗ ಜಾಸ್ತಿ ಬರುತ್ತಿದೆ. ನನ್ನ ಅಮ್ಮನಿಗೂ ಈ ಕಾಯಿಲೆ ಇರುವುದರಿಂದ ಇಂಥ ಸುದ್ದಿ ಕಂಡರೆ ಬಿಡದೆ ಓದುತ್ತೇನೆ. ಆದರೆ ಹಿರಿಯರನ್ನು ಸಮಾಧಾನವಾಗಿಡುವುದು ಬೇರೆ, ಅವರ ಬುದ್ಧಿಗೆ ಕೆಲಸ ಕೊಡುವುದು ಬೇರೆ. ಸುದ್ದಿಗಳಲ್ಲಿ ಎರಡೂ ಕಲಸಿಹೋಗುತ್ತಿವೆ.

ಜಪಾನಿನ 'ಪಾರೋ' ಸೀಲ್ ಮರಿಯ ರೂಪದ ರೋಬೋಟ್. ಸವರಿದರೆ ಕಣ್ಣು ಮಿಟುಕಿಸುತ್ತದೆ, ಮರಿಯ ಹಾಗೇ ಕೂಗುತ್ತದೆ. ಆಸ್ಟ್ರೇಲಿಯಾದ 28 ಆರೈಕೆ ಕೇಂದ್ರಗಳಲ್ಲಿ 415 ಹಿರಿಯರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಬಂತು. ಕೆಲವರಿಗೆ ಪಾರೋ ಕೊಟ್ಟರು, ಕೆಲವರಿಗೆ ಯಂತ್ರದ ಕೆಲಸ ನಿಲ್ಲಿಸಿ ಬರೀ ಬೊಂಬೆಯಾಗಿಸಿದ ಪಾರೋ ಕೊಟ್ಟರು. ಉಳಿದವರಿಗೆ ಎಂದಿನ ಆರೈಕೆ. ಪಾರೋ ಸಿಕ್ಕವರು ಅದನ್ನು ಹೆಚ್ಚು ನೋಡಿದರು, ಅದರ ಜೊತೆ ಹೆಚ್ಚು ಮಾತಾಡಿದರು. ಬೊಂಬೆಗಿಂತ ಅದು ಮೇಲೆನಿಸಿದ್ದು ಇಷ್ಟರಲ್ಲಿ ಮಾತ್ರ. ಮಾತು ಬಿಟ್ಟು ಕೂತವರು ಮತ್ತೆ ಬಾಯಿ ತೆರೆಯುವುದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಅದು ನೆನಪಿಗೆ ಕೊಡುವ ತರಬೇತಿಯಲ್ಲ.

ಬುದ್ಧಿಗೆ ಕೆಲಸ ಕೊಡುವ ಪದ್ಧತಿಗಳಲ್ಲಿ ಒಂದನ್ನು ಬ್ರಿಟನ್ನಿನಲ್ಲಿ 201 ಜನರ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡು ಸಲದಂತೆ ಏಳು ವಾರ, ಪ್ರತಿ ಸಲ ಮುಕ್ಕಾಲು ಗಂಟೆ. ಗುಂಪಾಗಿ ಕೂತು ಊಟ, ಬಾಲ್ಯ, ಅಂದಿನ ಸುದ್ದಿ, ಪದದಾಟ ಅಂತ ಮಾತುಕತೆ ನಡೆಸುವುದು. ಅದರಲ್ಲಿ ಸೇರಿದವರ ನೆನಪು, ಯೋಚನೆ ಸ್ವಲ್ಪ ಸುಧಾರಿಸಿತು. ಬದುಕಿನ ನೆಮ್ಮದಿಯೂ ಹೆಚ್ಚಿತು. ಇಲ್ಲಿ ರೋಬೋಟಿಗೆ ನಿಜವಾದ ಕೆಲಸ ಇದೆ. ಅದು ಪ್ರಶ್ನೆ ಕೇಳಬಲ್ಲದು, ಹಾಡು ಹಾಕಬಲ್ಲದು. ಹತ್ತನೇ ಸಲ ಅದೇ ಮಾತು ಕೇಳಿದರೂ ಸಿಡುಕುವುದಿಲ್ಲ. ಮನೆಯವರಾದ ನಮಗೆ ಎಷ್ಟೋ ಸಲ ಅದು ಆಗುವುದಿಲ್ಲ. ಆದರೆ ಮುಖ ನೋಡಿ 'ಇವರಿಗೆ ಸುಸ್ತಾಯಿತು, ಇವತ್ತಿಗೆ ಸಾಕು' ಎನ್ನಲು ತರಬೇತಿ ಪಡೆದ ಮನುಷ್ಯರೇ ಪಕ್ಕದಲ್ಲಿರಬೇಕು.

ಭಾಷೆಯ ಮಾತೂ ಇದೆ. ಬೆಳಗಿನ ತಿಂಡಿ ಏನು ಅಂದರೆ ಅಮ್ಮನಿಗೆ ಗೊತ್ತಾಗುವುದಿಲ್ಲ. 'ಊಟ ಬಲ್ಲವನಿಗೆ' ಅಂದರೆ ಸಾಕು, 'ರೋಗವಿಲ್ಲ' ಎಂದು ತಾವೇ ಮುಗಿಸುತ್ತಾರೆ. ಚೌಕಾಬಾರದ ಕವಡೆ ಕೈಗೆ ಸಿಕ್ಕರೆ ಲೆಕ್ಕ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಯಂತ್ರ ಇವರಿಗೆ ಏನು ತರಬೇತಿ ಕೊಟ್ಟೀತು?

ಖರ್ಚನ್ನೂ ನೋಡಬೇಕು. ಹಿರಿಯರ ಜೊತೆಗಿನ ಇಂಥ ಪ್ರಯೋಗಗಳಲ್ಲಿ ಬಳಸಿದ 'ನಾವೋ' ಎಂಬ ಮನುಷ್ಯಾಕಾರದ ಪುಟ್ಟ ರೋಬೋಟ್ ತಯಾರಿಸುತ್ತಿದ್ದ ಫ್ರಾನ್ಸಿನ ಕಂಪನಿ 2025ರಲ್ಲಿ ದಿವಾಳಿಯಾಯಿತು. ಯಂತ್ರ ಕೊಂಡ ಮೇಲೆ ರಿಪೇರಿ ಯಾರು ಮಾಡುತ್ತಾರೆ ಎಂದು ಮೊದಲೇ ಕೇಳಬೇಕು, ಅಲ್ವಾ?

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿದೆ. ಅದರಡಿ ಕನ್ನಡದ ಗಾದೆ, ಒಗಟು, ಹಾಡು, ಆಟಗಳಿಂದ ತರಬೇತಿಯ ಪಾಠ ಸಿದ್ಧಪಡಿಸಲಿ. ತಾಲ್ಲೂಕಿಗೊಂದು ಹಗಲು ಕೇಂದ್ರ ತೆರೆದು, ಅದನ್ನು ನಡೆಸುವವರಿಗೆ ತರಬೇತಿ ಕೊಡಲಿ. ಒಂದೆರಡು ಕೇಂದ್ರಗಳಲ್ಲಿ ರೋಬೋಟ್ ಇಟ್ಟು, ಅದಿಲ್ಲದ ಕೇಂದ್ರಗಳ ಜೊತೆ ಹೋಲಿಸಿ, ಫಲಿತಾಂಶವನ್ನು ಜನರ ಮುಂದಿಡಲಿ.

– ಓದುಗರೊಬ್ಬರು, ಶಿವಮೊಗ್ಗ