ಹೆಸರು ಹಾಕದೆ ಕೊಡಬೇಡ

ಸಾಗರ

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಮಳೆ ಮಾತ್ರ ಬಿಡುವು ಕೊಡುತ್ತಿಲ್ಲ, ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಯುವುದು ಹಾಗೇ ಉಳಿದಿದೆ.

ನೀನು ಕಳಿಸಿದ ಪುಸ್ತಕದ ಮುಖಪುಟ ನೋಡಿದೆ. ಬರೆಸುವವರು 'ಸ್ವಲ್ಪ ಮಲೆನಾಡಿನ ಫೀಲ್ ಇರಲಿ' ಅಂತ ಕೇಳಿದರು, ನೀನು ಅಂಚಿಗೆ ಚಿತ್ತಾರ ಹಾಕಿದೆ. ಬಣ್ಣ ಚೆನ್ನಾಗಿದೆ. ಆದರೆ ಬೇಜಾರಾಗಬೇಡ, ಆ ಕುಣಿಯುವ ಕಡ್ಡಿ ಮನುಷ್ಯರು ನಮ್ಮವರಲ್ಲ. ಅವರು ವರ್ಲಿ ಚಿತ್ರದವರು, ಮಹಾರಾಷ್ಟ್ರದ ಕಡೆಯವರು. ಫೋನಿನಲ್ಲಿ ಹುಡುಕಿ ಬರೆದೆ, ಅಲ್ವಾ?

ನಿನ್ನ ಅಜ್ಜಿ ಹಸೆ, ಅಂದರೆ ನಮ್ಮ ಗೋಡೆ ಚಿತ್ತಾರ, ಬರೆಯುವುದನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಮೊದಲು ಗೋಡೆಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿ ಅರೆದದ್ದು, ಕಪ್ಪಿಗೆ ಅದೇ ಅಕ್ಕಿ ಕರಕಲಾಗುವಂತೆ ಹುರಿದದ್ದು, ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಪುಂಡಿ ನಾರು. ಗೆರೆ ಎಳೆಯುವಾಗ ಅಜ್ಜಿ ಉಸಿರು ಬಿಗಿಹಿಡಿಯುತ್ತಿದ್ದಳು, ಗೆರೆ ಮುಗಿದ ಮೇಲೇ ಮಾತು. ನಮ್ಮ ದೀವರ ಜನಾಂಗದ ಹೆಣ್ಣುಮಕ್ಕಳಿಗೆ ಸ್ಕೇಲು ಗೊತ್ತಿಲ್ಲ, ಆದರೂ ಗೆರೆ ಸೊಟ್ಟಗಾಗುವುದಿಲ್ಲ. ಎಲ್ಲೋ ಒಂದು ಕೂದಲೆಳೆಯಷ್ಟು ನಡುಗಿರುತ್ತದೆ. ನನಗೆ ಇಷ್ಟ ಆಗುವುದು ಆ ನಡುಕವೇ. ನಿನ್ನ ಕಂಪ್ಯೂಟರು ಅದನ್ನು ಒರೆಸಿ ಹಾಕಿದೆ. ಬರೆಯುವುದಾದರೆ ಮೊದಲು ಕಾಗದದ ಮೇಲೆ ಕೈಯಲ್ಲಿ ಬರೆ, ಆಮೇಲೆ ಸ್ಕ್ಯಾನ್ ಮಾಡು.

ಚಿತ್ತಾರವೇ ಹಾಕಬೇಕೆಂದೂ ಇಲ್ಲ. ನಾನು ಬೋರ್ಡ್ ಬರೆಯುತ್ತಿದ್ದ ಕಾಲದಲ್ಲಿ ಕೆಳದಿ ದೇವಸ್ಥಾನದ ಗಂಡಭೇರುಂಡ ನೋಡಿ ನೋಡಿಯೇ ಬಳುಕುವ ಗೆರೆ ಕಲಿತೆ. ಗುಡಿಗಾರರು ಗಂಧದ ಮರ ಕೆತ್ತುವಲ್ಲಿ ಸುಮ್ನೆ ಕೂತಿರುತ್ತಿದ್ದೆ. ಬೈಸಿಕೊಂಡದ್ದೂ ಉಂಟು.

ಇನ್ನು ದುಡ್ಡಿನ ವಿಷಯ. ಒಬ್ಬ ವ್ಯಾಪಾರಿಗೆ ಜೋಗದ ಚಿತ್ರ ಬರೆದುಕೊಟ್ಟೆ, ಒಂದು ಬೋರ್ಡಿಗೆ ಅಂತ. ಮರುವರ್ಷ ಅದೇ ಚಿತ್ರ ಕ್ಯಾಲೆಂಡರಿನಲ್ಲಿ, ಆಮೇಲೆ ಚೀಲದ ಮೇಲೆ. ನನ್ನ ಹೆಸರೂ ಇಲ್ಲ, ಕಾಸೂ ಇಲ್ಲ. ವಕೀಲರ ಹತ್ತಿರ ಹೋದರೆ ಕಾಗದ ಎಲ್ಲಿ ಅಂದರು. 1957ರ ಕಾಪಿರೈಟ್ ಕಾಯಿದೆಯಲ್ಲಿ, ಬೇರೆ ಮಾತಾಗಿರದಿದ್ದರೆ, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗಿನ ಹಕ್ಕು ಬರೆಸಿದವರದ್ದೇ ಅಂತೆ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಪೆನ್ಸಿಲ್ ಹಿಡಿಯುವ ಮೊದಲೇ ಬರೆಸಿಕೋ. ಹಕ್ಕು ನಿನ್ನದು, ಅವರಿಗೆ ಮುಖಪುಟಕ್ಕೆ ಮಾತ್ರ, ಇಷ್ಟು ವರ್ಷಕ್ಕೆ. ವರ್ಷ ಹಾಕದೆ ಹಕ್ಕು ಬರೆದುಕೊಟ್ಟರೆ 5 ವರ್ಷ ಅಂತ ಕಾಯಿದೆಯೇ ಲೆಕ್ಕ ಹಿಡಿಯುತ್ತದೆ. ಅರ್ಧ ದುಡ್ಡು ಮುಂಗಡ ಕೇಳು. ನಾಚಿಕೆ ಬೇಡ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೂ ಮುಂಗಡ ಇಲ್ಲದೆ ಮರ ಹತ್ತುವುದಿಲ್ಲ.

ಹೆಸರಿನ ಮಾತು ಬಂತಲ್ಲ, ಅಜ್ಜಿಯ ಗೆರೆ ತೆಗೆದುಕೊಂಡರೆ ಒಳಪುಟದಲ್ಲಿ ಅಜ್ಜಿಯ ಹೆಸರೂ ಹಾಕಿಸು. ಇಷ್ಟು ವರ್ಷ ಊರಿನ ಗೋಡೆಗಳಿಗೆಲ್ಲ ಬರೆದಳು, ಎಲ್ಲೂ ಅವಳ ಹೆಸರಿಲ್ಲ.

ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಬಾ. ಅಜ್ಜಿಗೆ ಈಗ ಕಣ್ಣು ಮಂಜು. ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಯಾರು ಬರೆಯುತ್ತಾರೆ ಅಂತ ದಿನಾ ಕೇಳುತ್ತಾಳೆ. ಬರುವಾಗ ನನಗೊಂದು ಸಣ್ಣ ಬ್ರಷ್ ತಾ. ಇಲ್ಲಿ ಸಿಗುವುದರ ಕೂದಲು ಎರಡೇ ದಿನಕ್ಕೆ ಉದುರುತ್ತದೆ.

ಇಂತಿ,
ನಿನ್ನ ಮಾವ