ನಿನ್ನ ಎಸಿ, ನಮ್ಮ ಕೊಳೆ ಮದ್ದು: ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ಸೆಕೆ ತಡೆಯೋಕಾಗ್ತಿಲ್ಲ, ಎಸಿ ತಗೋತೀನಿ ಅಂದೆ. ನಾನು ಹೂಂ ಅನ್ನುವ ಮೊದಲೇ "ನನ್ನ ಎಸಿಯಿಂದ ನಿಮ್ಮ ಅಡಿಕೆಗೆ ಕೊಳೆ ಬರುತ್ತಾ ಆಯಿ?" ಅಂತ ನಕ್ಕೆ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೀತಿದ್ದೇನೆ.

ನಿನ್ನದೊಂದು ಎಸಿಯಿಂದ ಬರೋದಿಲ್ಲ ಬಿಡು. ಆದರೆ ನಂಟು ಇಲ್ಲ ಅನ್ನಬೇಡ. ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಸುಟ್ಟು ಒಂದು ಯುನಿಟ್ ಕರೆಂಟ್ ಮಾಡಿದರೆ ಹತ್ತಿರ ಹತ್ತಿರ 1 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬೀಳುತ್ತದೆ. ಅದು ಶಾಖ ಹಿಡಿದಿಟ್ಟು ಗಾಳಿಯನ್ನು ಬಿಸಿ ಮಾಡುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಹಿಡಿದಿದ್ದನ್ನು ಎಷ್ಟೋ ಸಲ ನಿಧಾನಕ್ಕೆ ಬಿಡೋದಿಲ್ಲ, ಒಮ್ಮೆಲೇ ಸುರಿದು ಹೋಗುತ್ತದೆ.

ಬಿಡದೆ ಸುರಿಯುವ ಮಳೆಗೆ ಹಸಿ ಅಡಿಕೆ ಕೊಳೆತು ಉದುರುವ ಈ ಕೊಳೆ ಹೊಸ ರೋಗವೇನಲ್ಲ, ಅಜ್ಜನ ಕಾಲದಲ್ಲೂ ಇತ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮದ್ದು ಈಗಲೂ ಅದೇ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಆ ಎರಡನೇ ಸಲದ್ದೇ ತಲೆಬಿಸಿ. ಮಳೆ ನಿಂತು ಒಂದಿಷ್ಟು ಹೊಳವಾಗಬೇಕು, ಗೊನೆ ಒಣಗಿರಬೇಕು, ಅದೇ ಹೊತ್ತಿಗೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನೂ ಸಿಗಬೇಕು. ಹೊಳವೇ ಆಗದಿದ್ದರೆ ಮದ್ದು ಕಲಸಿಟ್ಟುಕೊಂಡು ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆ ನೋಡುತ್ತಾ ಕೂರೋದು ಅಷ್ಟೇ. ಹೊಡೆದ ಮೇಲೆ ಜೋರು ಮಳೆ ಬಂದು ತೊಳೆದುಕೊಂಡು ಹೋದರೆ ಮತ್ತೆ ಕೂಲಿ, ಮತ್ತೆ ಮೈಲುತುತ್ತ. ಇಷ್ಟಾಗಿ ಹವಾಮಾನ ವಿಮೆಯವರು ಉದುರಿದ ಅಡಿಕೆ ನೋಡಿ ದುಡ್ಡು ಕೊಡೋದಿಲ್ಲ, ಮಳೆಮಾಪಕದ ಲೆಕ್ಕ ನೋಡಿ ಕೊಡುತ್ತಾರೆ. ಮಾಪಕದಲ್ಲಿ ಅವರು ಗೊತ್ತು ಮಾಡಿದಷ್ಟು ಮಳೆ ದಾಖಲಾಗದಿದ್ದರೆ ನಮ್ಮ ನಷ್ಟ ನಷ್ಟವೇ ಅಲ್ಲ!

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟೋದೂ ತಪ್ಪು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಬಂದ್ ಆಯ್ತು. ಮಳೆ ಜೋರಿತ್ತು, ನಿಜ. ಆದರೆ ರಸ್ತೆ ಅಗಲ ಮಾಡೋಕೆ ಗುಡ್ಡವನ್ನು ಗೋಡೆ ಹಾಗೆ ಕಡಿದಿದ್ದು ಮಳೆಯಲ್ಲ. ಇನ್ನೊಂದು ತಮಾಷೆ ಗೊತ್ತಾ? ಮಣ್ಣು ತೆಗೆದ ಖರ್ಚು, ರಸ್ತೆ ರಿಪೇರಿ ಖರ್ಚು ಎಲ್ಲ ದೇಶದ ಜಿಡಿಪಿಗೆ ಜಮಾ. ಹೋದ ಜೀವ ಯಾವ ಖಾತೆಗೂ ಬರೋದಿಲ್ಲ.

ನನಗೆ ಜಾಸ್ತಿ ಹೆದರಿಕೆ ಬೇರೆಯದು. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ವಾ, ಆ ವರ್ಷ ನೆನಪು ಮಾಡಿಕೋ. ಲಿಂಗನಮಕ್ಕಿ, ಸೂಪಾ ಅಣೆಕಟ್ಟು ತುಂಬಲಿಲ್ಲ. ಅಂದರೆ ಶರಾವತಿ, ಕಾಳಿಯ ಅಗ್ಗದ ಕರೆಂಟಿಗೆ ಕತ್ತರಿ ಬಿತ್ತು. ಅದೇ ಹೊತ್ತಿಗೆ ಬೆಳೆ ಒಣಗುತ್ತಿದೆ ಅಂತ ರಾಜ್ಯದ ತುಂಬ ಪಂಪ್‌ಸೆಟ್ಟು ಓಡಿದವು, ಬೇಡಿಕೆ ಏರಿತು. ಸರ್ಕಾರ ಪಂಜಾಬ್, ಉತ್ತರ ಪ್ರದೇಶದಿಂದ ಕರೆಂಟ್ ತರಿಸಬೇಕಾಯಿತು. ಕರೆಂಟ್ ಜಾಸ್ತಿ ಬೇಕಾದಾಗಲೇ ಹೊಳೆಯಲ್ಲಿ ನೀರಿಲ್ಲ. ಆ ಕೊರತೆ ತುಂಬೋಕೆ ಇನ್ನಷ್ಟು ಕಲ್ಲಿದ್ದಲು, ಅದರಿಂದ ಇನ್ನಷ್ಟು ಬಿಸಿ. ನಮ್ಮಲ್ಲೂ ಅದೇ ಕಥೆ: ಬೇಸಿಗೆ ಉದ್ದವಾದರೆ ತೋಟಕ್ಕೆ ಪಂಪ್ ಜಾಸ್ತಿ ಹೊತ್ತು ಓಡಬೇಕು, ಹಣ್ಣಡಿಕೆಯನ್ನು ಚಾಲಿ ಮಾಡೋಕೆ ಒಣಗಿಸುವಾಗ ಮೋಡ ಕವಿದರೆ ಕಟ್ಟಿಗೆ ಉರಿಸುವ ಡ್ರೈಯರ್ ಬೇಕು. ಅಂಗಳದ ಬಿಸಿಲು ಪುಕ್ಕಟೆ ಮಾಡಿಕೊಡುತ್ತಿದ್ದ ಕೆಲಸಕ್ಕೆ ಈಗ ದುಡ್ಡು ಸುರಿಯಬೇಕು. ಕಾರವಾರದ ಬೋಟಿನವರನ್ನು ಕೇಳಿದರೂ ಅಷ್ಟೇ, ಮೀನು ಹತ್ತಿರ ಸಿಗದಿದ್ದರೆ ದೂರ ಹೋಗಬೇಕು, ಡೀಸೆಲ್ ಉರಿಯಲೇಬೇಕು.

ಹಾಗಂತ ನೀನು ಬೆವರುತ್ತಾ ಕೂರಬೇಡ. ಒಬ್ಬ ಹುಡುಗಿ ಸೆಕೆಯಲ್ಲಿ ಬೆಂದರೆ ಕಲ್ಲಿದ್ದಲು ಉಳಿಯೋದಿಲ್ಲ, ಸುಮ್ನೆ ನಿನ್ನ ನಿದ್ದೆ ಹಾಳು. ತಗೋ. ಐದು ಸ್ಟಾರ್ ಇರುವ ಇನ್ವರ್ಟರ್ ಎಸಿ ನೋಡು, ಮೊದಲಿಗೆ ರೇಟು ಜಾಸ್ತಿ ಅನಿಸಿದರೂ ಬಿಲ್ಲಿನಲ್ಲಿ ವಾಪಸ್ ಬರುತ್ತದೆ. 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗಬೇಡ ಮತ್ತೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ 6 ಕರೆಂಟ್ ಉಳಿಯುತ್ತದಂತೆ, 26ಕ್ಕಿಟ್ಟು ಫ್ಯಾನ್ ಹಾಕಿಕೋ. ಅದಕ್ಕಿಂತ ಮೊದಲು ಓನರ್ ಹತ್ತಿರ ಮಾತಾಡಿ ಮನೆ ತಂಪಾಗಿರೋ ಹಾಗೆ ತಾರಸಿಗೆ ಬಿಳಿ ಬಣ್ಣ ಬಳಿಸೋಕಾಗುತ್ತಾ ಕೇಳು. ಒಪ್ಪಿದರೆ ಬಣ್ಣದ ಖರ್ಚು ನಾನು ಕಳಿಸ್ತೇನೆ.

ನಿನ್ನ
ಆಯಿ